ಸುಣ್ಣದ ಗೆರೆಯ ಸಂಸಾರ

ರಜೆ ಮುಗಿಸಿ ಆಫೀಸಿಗೆ ಬಂದವಳು ಹಿತ್ತಲಿಗೆ ಕಾಲಿಟ್ಟರೆ, ಅವಳ ಸಂಸಾರದಲ್ಲಿ ಬೇರೊಬ್ಬಳು ಸೇರಿಕೊಂಡಿದ್ದಳು!

ಸಂಸಾರವೆಂದರೆ ನಿಜವಾದದ್ದಲ್ಲ. ಕಡಿಮೆ ಖರ್ಚಿನಲ್ಲಿ ತಂಪಾದ ಮಣ್ಣಿನ ಮನೆಗಳನ್ನು ಕಟ್ಟಿಸಿಕೊಡುವ ಆಫೀಸು ಅದು. ಪ್ಲಾನ್ ಒಪ್ಪುವ ಮುಂಚೆ ಹಿತ್ತಲಿನ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಇಡೀ ಮನೆಯನ್ನು ನಿಜದ ಅಳತೆಗೇ ಬರೆದು, ಇಬ್ಬರು ಅದರೊಳಗೆ ಬದುಕಿ ನೋಡುವುದು ಅಲ್ಲಿನ ರೂಢಿ. ಒಬ್ಬರು ಅಡುಗೆ ಮಾಡಿದಂತೆ ಕೈಯಾಡಿಸಬೇಕು, ಇನ್ನೊಬ್ಬರು ಕಾಲು ಚಾಚಿ ಮಲಗಬೇಕು. ಎಲ್ಲಿ ಮೊಣಕೈ ತಗಲುತ್ತದೆ ಎಂಬುದು ಗೋಡೆ ಏಳುವ ಮುಂಚೆಯೇ ಗೊತ್ತಾಗುತ್ತದೆ.

ಇಷ್ಟು ವರ್ಷ ಆ ಗೆರೆಗಳೊಳಗೆ ಸಂಸಾರ ಹೂಡಿದ್ದು ಆರ್ಕಿಟೆಕ್ಟ್ ಆದ ಅವಳು ಮತ್ತು ಎಂಜಿನಿಯರ್ ಆದ ಅವನು. ಸದಾ ಮಣ್ಣಿನ ಇಟ್ಟಿಗೆಯದೇ ಧ್ಯಾನವಾದ್ದರಿಂದ ಎಲ್ಲರಿಗೂ ಅವನು ಮಣ್ಣಪ್ಪ. ಅವಳಿಗದು ಆಟವಾಗಿ ಉಳಿದಿರಲಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಈಗ ಒಲೆಯ ಮುಂದೆ ಗಾಳಿ ಮೇಡಂ! ಮನೆಯೊಳಗೆ ಗಾಳಿ, ಬೆಳಕು ಹೇಗೆ ಬರಬೇಕೆಂದು ಹೇಳಲು ಹೊಸದಾಗಿ ಬಂದ ಕನ್ಸಲ್ಟೆಂಟ್. ನಗು ಜೋರು, ಮಾತು ಇನ್ನೂ ಜೋರು.

"ರೀ, ಊಟಕ್ಕೆ ಬನ್ನಿ!"

ಮಣ್ಣಪ್ಪ ಇಲ್ಲದ ಬಾಗಿಲನ್ನು ತಳ್ಳಿಕೊಂಡು ಒಳಗೆ ಬಂದ. ನಕ್ಕ ಬೇರೆ. 'ರೀ' ಅಂತೆ, ರೀ! ಅವಳ ಹೊಟ್ಟೆಗೆ ಬೆಂಕಿ ಬಿತ್ತು.

ಅವಳು ದುಡುದುಡು ನಡೆದು ಗೆರೆ ದಾಟಿದಳು.

"ಗೋಡೆ ತೂರ್ಕೊಂಡೇ ಬಂದ್ರಲ್ಲ!" ಎಂದ ಮಣ್ಣಪ್ಪ.

"ಈ ಕಿಟಕಿ ಇಲ್ಲಿ ಯಾಕೆ? ಸಂಜೆ ಬಿಸಿಲು ನೇರ ಹಾಸಿಗೆ ಮೇಲೆ ಬೀಳುತ್ತೆ. ಗಾಳಿ ಗಾಳಿ ಅಂದ್ಬಿಟ್ರೆ ಆಯ್ತಾ? ಮಲಗೋರು ಬೇಯ್ಬೇಕಾ?" ಎಂದವಳೇ ಗಾಳಿ ಮೇಡಂ ಕಡೆ ಕೆಂಗಣ್ಣು ಬಿಟ್ಟು, ಚಪ್ಪಲಿಯಲ್ಲೇ ಕಿಟಕಿಯ ಗುರುತನ್ನು ಅಳಿಸಿದಳು.

"ಅದು ನಿಮ್ಮದೇ ಕಿಟಕಿ," ಅವನು ಮೆಲ್ಲಗೆ ಹೇಳಿದ. "ಗಾಳಿ ಆ ಕಡೆಯಿಂದ್ಲೇ ಬರೋದು, ಬಿಸಿಲಿಗೆ ಸಜ್ಜಾ ಹಾಕ್ಸೋಣ ಅಂತ ನನ್ನ ಹತ್ರ ಜಗಳ ಆಡಿ ಇಡಿಸಿದ್ರಿ."

ಅವಳ ಮುಖ ಸುಟ್ಟ ಬದನೆಕಾಯಿಯಾಯಿತು. ಗಾಳಿ ಮೇಡಂ ಇಬ್ಬರನ್ನೂ ಒಮ್ಮೆ ನೋಡಿ, "ನಂಗೊಂದು ಫೋನ್ ಮಾಡೋದಿದೆ" ಎಂದು ಜಾಗ ಖಾಲಿ ಮಾಡಿದಳು. ಫೋನು ಅಲ್ಲೇ ಕಟ್ಟೆಯ ಮೇಲೆ ಉಳಿಯಿತು.

"ಏನಾಯ್ತು ನಿಮಗೆ?"

"ಹೊಟ್ಟೆಕಿಚ್ಚು." ಅವಳು ತಾನು ಅಳಿಸಿದ ಗುರುತನ್ನೇ ನೋಡುತ್ತ ಹೇಳಿದಳು. "ನಿಮ್ಮ ಜೊತೆ ಇಲ್ಲಿ ಇನ್ನೊಬ್ರನ್ನ ನೋಡಿ ತಡ್ಕೊಳ್ಳೋಕಾಗ್ಲಿಲ್ಲ. ಸಾಕಾ?"

ಅವನು ನಗಲಿಲ್ಲ. ಕಿವಿ ಕೆರೆದುಕೊಂಡ.

"ಮೇಡಂ ಬೆಳಗ್ಗೆಯಿಂದ ಬೈತಿದ್ದಾರೆ. ಒಲೆ, ನಲ್ಲಿ, ಪಾತ್ರೆ ಇಡೋ ಜಾಗ ಎಲ್ಲಾ ಉಲ್ಟಾ, ಯಾರಿಗ್ರೀ ಈ ಅಡುಗೆಮನೆ ಅಂತ. ಹಳೇ ಪ್ಲಾನ್‌ಗಳನ್ನೂ ತೆಗೆದು ನೋಡಿದೆ. ಅಷ್ಟೂ ಎಡಗೈಯವರಿಗೇ ಇದಾವೆ."

ಆ ಆಫೀಸಿನಲ್ಲಿ ಎಡಗೈಯಲ್ಲಿ ಕೆಲಸ ಮಾಡುವವಳು ಅವಳೊಬ್ಬಳೇ.

"ಅಡುಗೆಮನೆ ಗೆರೆ ಹಾಕೋದು ಯಾವಾಗ್ಲೂ ನಾನೇ ತಾನೇ. ಜನರ ಮನೆ ಅಂದ್ಕೊಂಡೇ ಬರೀತಿದ್ದೆ," ಎಂದ ಅವನು. "ಕಣ್ಮುಂದೆ ಮಾತ್ರ ನೀವೇ ಇದ್ರಿ. ಇವತ್ತೇ ಗೊತ್ತಾಗಿದ್ದು ನಂಗೂ."

"ಅಯ್ಯೋ, ಪಾಪ ಆ ಜನ!" ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. "ಈ ಸಲದಿಂದಾದ್ರೂ ಎಲ್ಲಾ ಮನೆಗಳನ್ನೂ ತಿದ್ದಬೇಕು."

"ತಿದ್ದೋಣ. ಒಂದು ಮನೆ ಬಿಟ್ಟು."

"ಯಾವ್ದು?"

"ನಾವಿಬ್ರೂ ಇರೋದು."

ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡು ಅವನನ್ನು ದುರುಗುಟ್ಟಿ ನೋಡಿದಳು.

"ಆ ಮನೇಲಿ ಓಡಾಡಿ ನೋಡೋಕೆ ನಾನೊಬ್ಳೇ ಬರೋದು. ಇನ್ಯಾರನ್ನಾದ್ರೂ ಕರೆದ್ರೆ ನೋಡಿ ಮತ್ತೆ!"