ಓಣಿಯ ಬಾಯಲ್ಲಿ ನಿಂತ ದನಿ

“ಸಾರ್ವಜನಿಕರಲ್ಲಿ ವಿನಂತಿ... ನಾಳೆ ಪೈಪ್ ರಿಪೇರಿ ಇರುವುದರಿಂದ ನಲ್ಲಿಯಲ್ಲಿ ನೀರು ಬರುವುದಿಲ್ಲ... ಇವತ್ತೇ ಹಿಡಿದಿಟ್ಟುಕೊಳ್ಳಿ...”

ನರಸೀಪುರದ ಬಸ್ ಸ್ಟ್ಯಾಂಡ್ ಎದುರು ನಿಂತಿದ್ದ ಶಿವರಂಜನಿ ಟೀ ಲೋಟ ಹಿಡಿದೇ ಮೈಕಿನ ದನಿ ಬಂದತ್ತ ತಟ್ಟನೆ ತಿರುಗಿದಳು. ಬಿಸಿ ಟೀ ಬೆರಳ ಮೇಲೆಲ್ಲ ಚೆಲ್ಲಿತು.

ನಲ್ಲಿ ನೀರಿನ ಸುದ್ದಿಗೆ ಯಾರಾದರೂ ಹೀಗೆ ಬೆಚ್ಚಿಬೀಳುತ್ತಾರಾ ಅಂತ ಟೀ ಅಂಗಡಿಯವನು ಅವಳನ್ನೇ ನೋಡಿದ. ಪಾಪ, ಅವನಿಗೇನು ಗೊತ್ತು! ಆ ದನಿ ಅವಳ ಕಿವಿಯಲ್ಲಿ ಬಾಡಿಗೆ ಕೊಡದೆ ವರ್ಷಗಟ್ಟಲೆ ವಾಸವಾಗಿತ್ತು.

ನಿಜ ಹೇಳಬೇಕೆಂದರೆ ಅವಳನ್ನು ಕಾಡುತ್ತಿದ್ದದ್ದು ದನಿಯಲ್ಲ, ಅದು ನಿಂತುಹೋದ ಆ ಗಳಿಗೆ. ಮಿಕ್ಸಿ ನಿಂತರೂ, ಕರೆಂಟು ಹೋಗಿ ಫ್ಯಾನ್ ನಿಂತರೂ, ಎಲ್ಲಿ ಯಾವ ಸದ್ದು ತಟ್ಟನೆ ನಿಂತರೂ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು. ಆಮೇಲೆ ಆ ಮೌನದೊಳಗಿಂದ ಅಜ್ಜಿ ಕೇಳುತ್ತಿದ್ದಳು... “ನಿಂತೋಯ್ತಲ್ಲ ರಂಜಿ?”

ಮೈಕ್ ಆಟೋ ಅವಳ ಮುಂದೆಯೇ ಬಂದು ನಿಂತಿತು. ಸಾರುತ್ತಿದ್ದ ಮಹೇಂದ್ರ ಇಳಿದ. ಬಡವಾಗಿದ್ದ. ಎಡಹುಬ್ಬಿನ ಮೇಲೆ ಹೊಲಿಗೆ ಹಾಕಿದ ಗುರುತು.

‘ವಿಡಿಯೋದಲ್ಲಿ ಗಾಯ ಇಷ್ಟು ಆಳ ಕಂಡಿರಲಿಲ್ಲ...’ ಎಂದಿತು ಅವಳ ಮನಸ್ಸು. ‘ನಿನಗ್ಯಾಕೆ, ಸುಮ್ಮನಿರು!’ ಎಂದು ಅವಳೇ ಅದನ್ನು ಗದರಿಸಿದಳು.

“ಮ್ಯಾಗಜಿನ್‌ನಿಂದ ಯಾರೋ ಬತ್ತಾರೆ ಅಂದಿದ್ರು.” ಮೈಕಿಲ್ಲದ ಅವನ ದನಿ ತೀರಾ ಸಣ್ಣದಾಗಿತ್ತು. “ನೀವು ಅಂತ ಗೊತ್ತಿರ್ಲಿಲ್ಲ ಮೇಡಂ.”

ಮೇಡಂ! ಒಂದು ಕಾಲದಲ್ಲಿ ‘ರಂಜನಿ’ ಎಂದು ಕರೆದೇ ಅವಳ ಕೋಪ ಇಳಿಸುತ್ತಿದ್ದವನು!

“ನನಗೂ ಇಷ್ಟ ಇರಲಿಲ್ಲ. ಎಡಿಟರ್ ಕಳಿಸಿದ್ರು, ಬಂದೆ.”

“ಅಂಗಾರೆ ವಾಪಸ್ ಓಗಿ ಏಳ್ಬುಡಿ. ಆ ಗೌರವ ನನಗೆ ಬ್ಯಾಡ.”

ಗೌರವ ಏನು ಅಂದಿರಾ? ರಂಜನಿ ಕೆಲಸ ಮಾಡುವ ಮೈಸೂರಿನ ‘ದಿಟವಾರ್ತೆ’ ವಾರಪತ್ರಿಕೆ ಪ್ರತಿ ಡಿಸೆಂಬರಿನಲ್ಲಿ ಜಿಲ್ಲೆಯ ‘ವರ್ಷದ ಪ್ರಭಾವಿ ವ್ಯಕ್ತಿ’ಯನ್ನು ಆರಿಸಿ ಮುಖಪುಟದಲ್ಲಿ ಹಾಕುತ್ತದೆ. ಮಂತ್ರಿಗಳು, ಮಿಲ್ ಮಾಲೀಕರು ಎಲ್ಲರ ಸರದಿಯೂ ಮುಗಿದಿತ್ತು. ಈ ವರ್ಷ ಸಂಪಾದಕಿ ಹೇಮಲತಾ ಮೇಜು ಕುಟ್ಟಿ ಹೇಳಿದ್ದು ಒಂದೇ ಹೆಸರು... ಮೈಕ್ ಆಟೋ ಮಹೇಂದ್ರ!

ಕಾರಣವೂ ಇತ್ತು. ಈ ಮಳೆಗಾಲದಲ್ಲಿ ಹೊಳೆ ಏರಿದಾಗ ನರಸೀಪುರದ ದಡದ ಬೀದಿಯಲ್ಲಿ ಒಂದು ಸಾವಾಗಿತ್ತು. ಮನೆ ಮುಂದೆ ಹೆಣ, ಬಾಗಿಲಲ್ಲಿ ಬೆಂಕಿ. ಸಾವಿನ ಬೆಂಕಿ ಕಂಡರೆ ಈ ಕಡೆಯ ಯಾವ ಮೈಕ್ ಆಟೋದವನೂ ಸದ್ದು ಮಾಡುವುದಿಲ್ಲ. ಆಫ್ ಮಾಡಿ, ಕೈ ಮುಗಿದು ದಾಟುತ್ತಾನೆ. ಮಹೇಂದ್ರ ಆಫ್ ಮಾಡಲಿಲ್ಲ! ಹೆಣದ ಮುಂದೆಯೇ ಆಟೋ ನಿಲ್ಲಿಸಿ, “ಎದ್ದೇಳಿ, ನೀರು ಬತ್ತಾ ಅದೆ” ಎಂದು ಗಂಟಲು ಹರಿದುಕೊಂಡ. ನೆಂಟರು ರೊಚ್ಚಿಗೆದ್ದು ಹೊಡೆದರು. ಹುಬ್ಬು ಒಡೆದು ರಕ್ತ ಸುರಿಯುತ್ತಿದ್ದರೂ ಮೈಕ್ ಬಿಡಲಿಲ್ಲ. ಯಾರೋ ಅದನ್ನು ವಿಡಿಯೋ ಮಾಡಿ ಫೋನಿಂದ ಫೋನಿಗೆ ಹರಿಯಬಿಟ್ಟಿದ್ದರು. ಕೊನೆಗೆ ಅವರು ಹೆಣ ಹೊತ್ತುಕೊಂಡೇ ದಿಣ್ಣೆ ಹತ್ತಿದರು. ಅವರ ಹಿಂದೆ ಇಡೀ ಬೀದಿಯೇ ಹತ್ತಿತು. ಬೆಳಗಾಗುವಷ್ಟರಲ್ಲಿ ಆ ಬೀದಿ ನೀರಿನಡಿಯಲ್ಲಿತ್ತು.

“ಹೊಡೆಸಿಕೊಂಡು ಊರು ಉಳಿಸಿದವನು! ಪ್ರಭಾವ ಅಂದ್ರೆ ಇದಲ್ವೇನೇ?” ಎಂದಿದ್ದರು ಹೇಮಲತಾ.

ರಂಜನಿ ಕಂಡ ಮಹೇಂದ್ರನೇ ಬೇರೆ.

ಅವಳ ಅಪ್ಪ ರಂಗಸ್ವಾಮಿ ತೀರಿಕೊಂಡ ದಿನವೇ ಅವರ ಮೊದಲ ಭೇಟಿ. ಇದೇ ನರಸೀಪುರ. ಅಪ್ಪನನ್ನು ಮನೆ ಮುಂದೆ ಮಲಗಿಸಿದ್ದರು. ಅಷ್ಟರಲ್ಲಿ ಸಿನಿಮಾ ಹಾಡು ಕಿರುಚುತ್ತ ಸೀರೆ ಸೇಲಿನ ಆಟೋ ಬೀದಿಗೆ ನುಗ್ಗಿತು. ರಂಜನಿ ಕೆದರಿದ ಕೂದಲಲ್ಲೇ ಓಡಿಹೋಗಿ ಮೈಕ್ ಕಿತ್ತುಕೊಂಡಿದ್ದಳು.

“ಬಾಗಿಲಲ್ಲಿ ಬೆಂಕಿ ಹಾಕಿರೋದು ಕಾಣಲ್ವಾ? ಕಣ್ಣಿಲ್ವಾ ನಿನಗೆ? ಸಾವಿಗಿಂತ ದೊಡ್ಡದಾ ನಿನ್ನ ಸೇಲು?”

ಆ ಹುಡುಗ ಹಾಡು ನಿಲ್ಲಿಸಿ ಆಟೋ ತಿರುಗಿಸಿಕೊಂಡು ಹೋಗಿದ್ದ. ತಿಥಿಯಾದ ಮೇಲೆ ತಾನೇ ಬಂದು ಬಾಗಿಲಾಚೆ ನಿಂತು ಹೇಳಿದ್ದ. “ಕೆಲ್ಸಕ್ಕೆ ಒಸಬ, ಗೊತ್ತಾಗ್ಲಿಲ್ಲ ಕಣ್ರೀ. ಇನ್ಮೇಲೆ ಬೆಂಕಿ ಕಂಡ ಬಾಗ್ಲಲ್ಲಿ ನನ್ ಮೈಕು ಉಸುರು ಬಿಡಲ್ಲ. ನಿಮ್ಮಾಣೆ.”

ಆಣೆ ಕ್ಷಮೆಯಾಯಿತು, ಕ್ಷಮೆ ಸ್ನೇಹವಾಯಿತು, ಸ್ನೇಹ ಏನಾಯಿತು ಅಂತ ನಿಮಗೆ ಬಿಡಿಸಿ ಹೇಳಬೇಕಾ? ತಾಯಿಯಿಲ್ಲದ ರಂಜನಿಯನ್ನು ನಂಜನಗೂಡಿನ ಅಜ್ಜಿ ಸುಬ್ಬಲಕ್ಷ್ಮಮ್ಮ ತನ್ನ ಮನೆಗೆ ಕರೆದುಕೊಂಡಳು. ಹೊಳೆಯ ಹತ್ತಿರದ ಇಕ್ಕಟ್ಟು ಓಣಿಯ ಕೊನೇ ಮನೆ. ದೇವನೂರಿನ ತನ್ನ ಮನೆಗೆ ಹೋಗುವಾಗ ಮಹೇಂದ್ರ ದಿನಾ ಓಣಿಯ ಬಾಯಲ್ಲಿ ಆಟೋ ನಿಲ್ಲಿಸಿ ಅಜ್ಜಿಯ ಕೈಯಿಂದ ಕಾಫಿ ಕುಡಿಯುತ್ತಿದ್ದ. “ಇವ್ನ್ ಗಂಟ್ಲು ದೊಡ್ದು, ಮನ್ಸು ಮೆತ್ತಗೆ. ಕಟ್ಕೊ” ಎಂದಿದ್ದಳು ಅಜ್ಜಿ!

ಆಮೇಲೆ, ಈಗ್ಗೆ ಕೆಲವು ವರ್ಷಗಳ ಹಿಂದಿನ ಆ ಸಂಜೆ ಬಂತು.

ನಂಜನಗೂಡಿನಲ್ಲಿ ಒಂದು ಹನಿ ಮಳೆಯಿರಲಿಲ್ಲ. ಮಳೆಯೆಲ್ಲ ಮೇಲೆ ವಯನಾಡಿನಲ್ಲಿ. ಕಬಿನಿ ಅಣೆಕಟ್ಟು ತುಂಬಿ ನೀರು ಬಿಟ್ಟಿದ್ದರು. ಹೊಳೆಯಂಚಿನ ಬೀದಿಗಳಲ್ಲಿ ಮಹೇಂದ್ರ ಮೈಕಿನಲ್ಲಿ ಸಾರುತ್ತಿದ್ದ. ಅಂದು ರಾತ್ರಿ ಮೈಸೂರಿನ ಆಫೀಸಿನಲ್ಲೇ ಉಳಿಯಬೇಕಿದ್ದ ರಂಜನಿ ಅಜ್ಜಿಗೆ ಫೋನ್ ಮಾಡಿದಳು. ಫೋನಿನೊಳಗೇ ಅವನ ದನಿ ಹತ್ತಿರ ಬರುತ್ತಿತ್ತು... ಇನ್ನೂ ಹತ್ತಿರ... ತಟ್ಟನೆ ನಿಂತಿತು.

“ನಿಂತೋಯ್ತಲ್ಲ ರಂಜಿ? ಒರಡ್ಬೇಕಾ, ಬ್ಯಾಡ್ವಾ?”

“ಅವನು ಸುಮ್ಮನೆ ಹೋದ ಅಂದ್ರೆ ನಮ್ಮ ಓಣಿಗೆ ಭಯ ಇಲ್ಲ ಅಂತ ಅಜ್ಜಿ. ಮಲ್ಕೊ.”

ಅಜ್ಜಿ ಮಲಗಿದಳು. ನಸುಕಿನಲ್ಲಿ ನೀರು ನುಗ್ಗಿ, ಮಣ್ಣಿನ ಗೋಡೆ ಅವಳ ಮೇಲೆ ಕುಸಿಯಿತು.

‘ಮಲ್ಕೊ’ ಅಂದವಳು ನಾನೇ... ಆ ಭಾರ ಹೊರಲಾಗದೆ ರಂಜನಿ ಅದನ್ನು ಅವನ ತಲೆಗೆ ಹೊರಿಸಿದಳು. ಜೀವಭಯಕ್ಕೆ ಓಣಿ ಬಿಟ್ಟು ಓಡಿಹೋದ, ಹೇಡಿ! ಅವನು ಮಣ್ಣಿಗೂ ಬರಲಿಲ್ಲ, ತಿಥಿಗೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಸಾಕ್ಷಿ ಇನ್ನೇನು ಬೇಕು?

“ಗೌರವ ಬೇಡ ಅನ್ನೋದಕ್ಕೆ ಕಾರಣ ನನಗೆ ಗೊತ್ತು,” ಎಂದಳು ಈಗ, ಬಸ್ ಸ್ಟ್ಯಾಂಡಿನ ಎದುರು ನಿಂತು. “ಒಂದು ಬೀದಿ ಉಳಿಸಿದವನ ಬಗ್ಗೆ ಬರೀಬಹುದು. ಬಿಟ್ಟು ಓಡಿದ ಓಣಿ ಬಗ್ಗೆ ಏನು ಬರೀಲಿ? ಹೇಳಿ! ಯಾಕೆ ನಿಲ್ಲಿಸಿದ್ರಿ ಅವತ್ತು?”

ಅವನು ಆಟೋ ಹತ್ತಿ ಕೂತ.

“ನೀವು ಅಂದ್ಕೊಂಡಿರೋದೇ ಇರ್ಲಿ ಮೇಡಂ. ಅಂಗೇ ಬರ್ಕೊಳ್ಳಿ.”

ಆಟೋ ಹೊರಟುಹೋಯಿತು. ‘ಬೈದರೂ ತಿರುಗಿ ಬೈಯಲಿಲ್ಲ. ತಪ್ಪಿಲ್ಲದವನು ಹೀಗೆ ತಲೆ ತಗ್ಗಿಸ್ತಾನಾ? ತಪ್ಪಿದ್ದವನು ಹೆಣದ ಮುಂದೆ ಹೊಡೆಸಿಕೊಂಡು ನಿಲ್ತಾನಾ...?’

ತಾಳಲಾಗದೆ ಅವಳು ನಂಜನಗೂಡಿನ ಬಸ್ ಹತ್ತಿದಳು.

ಅಜ್ಜಿ ಹೋದ ಮೇಲೆ ಅವಳು ಆ ಓಣಿಗೆ ಕಾಲಿಟ್ಟಿರಲಿಲ್ಲ. ಸಂಜೆಯಾಗುತ್ತಿತ್ತು. ಓಣಿಯ ಬಾಯಲ್ಲಿರುವ ಮೊದಲ ಮನೆಯ ಜಗಲಿಯಲ್ಲಿ ಚಿಕ್ಕಬಸಮ್ಮ ಒಡೆದ ಮಡಕೆಗೆ ಕೆಂಡ ತುಂಬಿ, ಮೇಲೆ ಬೇವಿನ ಸೊಪ್ಪು ಹಾಕುತ್ತಿದ್ದಳು. ಹೊಗೆ ಓಣಿಯೊಳಕ್ಕೆ ಹರಿಯುತ್ತಿತ್ತು.

ಬಾಗಿಲ ಮುಂದಿನ ಬೆಂಕಿ ಕಂಡದ್ದೇ ರಂಜನಿಯ ಕಾಲು ನಿಂತುಹೋಯಿತು.

“ಅಯ್ಯೋ... ಯಾರು ಹೋದ್ರು ಚಿಕ್ಕಬಸಮ್ಮ?”

ಮುದುಕಿ ತಲೆಯೆತ್ತಿದಳು. ಗುರುತು ಹಿಡಿದದ್ದೇ ಕಣ್ಣು ತುಂಬಿಕೊಂಡಳು.

“ಯಾರೂ ಓಗಿಲ್ಲ ಕಣವ್ವ, ಸೊಳ್ಳೆಗೆ! ಹೊಳೆ ಪಕ್ಕ ಅಲ್ವಾ... ಒಳಗೆ ಹೊಗೆ ಹಾಕುದ್ರೆ ನನಗೆ ದಮ್ಮು, ಅದ್ಕೆ ಬಾಗ್ಲಲ್ಲಿ ಮಡಗ್ತೀನಿ. ನೀನೂ ಸಾವು ಅಂದ್ಕೊಂಡ್ಯಾ? ಅವನೂ ಅವತ್ತು ಅಂಗೇ ಅಂದ್ಕೊಂಡ.”

“ಯಾರು?” ಕೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು.

“ಮಹೇಂದ್ರ. ಅವತ್ತು ನನಗೆ ಅಲ್ಲುನೋವು. ತಲೆಗೆ ಸೆರಗು ಸುತ್ಕೊಂಡು ಅಳ್ತಾ ಕೂತಿದ್ದೆ. ಬಾಗ್ಲಲ್ಲಿ ಬೆಂಕಿ ಬೇರೆ. ಅವನು ನೋಡ್ದ, ಮೈಕ್ ಆಫ್ ಮಾಡ್ದ, ಕೈ ಮುಗ್ದು ಮುಂದಕ್ಕೋದ. ನಾವೋ, ನಮ್ಗೇನೂ ಏಳ್ಲಿಲ್ಲ, ಭಯ ಇಲ್ಲ ಅಂತ ಬಾಗ್ಲು ಹಾಕ್ಕೊಂಡ್ವಿ.”

ರಂಜನಿ ಹೊಗೆಯಾಡುವ ಮಡಕೆಯನ್ನೇ ನೋಡಿದಳು.

‘ಬೆಂಕಿ ಕಂಡ ಬಾಗ್ಲಲ್ಲಿ ನನ್ ಮೈಕು ಉಸುರು ಬಿಡಲ್ಲ... ನಿಮ್ಮಾಣೆ.’

ದೇವರೇ! ಅವನು ಓಡಲಿಲ್ಲ. ಅವಳಿಗೆ ಕೊಟ್ಟ ಮಾತು ಉಳಿಸಿಕೊಂಡ!

“ಮುಂದ್ಲ ಬೀದಿ ಮುಗುಸ್ಕೊಂಡು, ನಡ್ಕೊಂಡು ಬಂದು ಕಿವೀಲಿ ಏಳಿ, ನಿಮ್ಮಜ್ಜೀನ ಎತ್ಕೊಂಡೋಗಣ ಅಂತಿದ್ನಂತೆ. ಅಷ್ಟ್ರಲ್ಲಿ ರೋಡಿಗೆ ನೀರು ಬಂತು, ಪೊಲೀಸ್ನೋರು ತಡುದ್ರು. ಬೆಳಗಾನ ಎದೆಮಟ್ಟದ ನೀರಲ್ಲಿ ಹಗ್ಗ ಹಿಡ್ಕೊಂಡು ಬಂದ... ನನ್ನ ಮಗ ನನ್ನ ಹೊತ್ಕೊಂಡು ಈಚೆಗೆ ಬತ್ತಿದ್ದ, ನನ್ನ ನೋಡಿ ‘ನಿಮ್ಮನೇಲಿ ಯಾರು ಓಗಿದ್ದು’ ಅಂದ. ಯಾರೂ ಇಲ್ಲ, ಸೊಳ್ಳೆ ಹೊಗೆ ಕಣಪ್ಪ ಅಂದೆ. ನೀರಲ್ಲೇ ಕುಸ್ದೋದ ಕಣವ್ವ.”

“ನನಗ್ಯಾಕೆ ಯಾರೂ ಹೇಳಲಿಲ್ಲ?”

“ಕಾಲು ಹಿಡ್ಕೊಂಡ. ‘ರಂಜನಿಗೆ ಏಳ್ಬ್ಯಾಡಿ, ಅವಳ್ಗಿಟ್ಟ ಆಣೆಯಿಂದ ಅಜ್ಜಿ ಸತ್ತೋದ್ಲು ಅಂತ ಗೊತ್ತಾದ್ರೆ ಬದುಕಲ್ಲ. ನನ್ನೇ ಬೈಕೊಂಡು ಬದುಕ್ಲಿ’ ಅಂದ.”

ರಂಜನಿ ಜಗಲಿಯ ಮೇಲೆ ಕುಸಿದು, ಮಗುವಿನ ಹಾಗೆ ಅತ್ತಳು. ಮುದುಕಿ ಬೆನ್ನು ಸವರುತ್ತಿದ್ದಳು.

“ಈಗ್ಲೂ ದಿನಾ ಸಂಜೆ ಇಲ್ಲಿ ಆಟೋ ನಿಲ್ಲುಸ್ತಾನೆ. ಮಾತಿಲ್ಲ ಕತೆಯಿಲ್ಲ. ಸ್ವಲ್ಪ ಹೊತ್ತು ಕೂತು ಓಯ್ತಾನೆ.”

ಹೇಳುತ್ತಿದ್ದಂತೆಯೇ ಓಣಿಯ ಬಾಯಿಗೆ ಆಟೋ ಬಂದು ನಿಂತಿತು.

ಮಹೇಂದ್ರ ಅವಳನ್ನು ಕಂಡ. ಹೊಗೆಯಾಡುವ ಮಡಕೆ ಕಂಡ. ಎಲ್ಲ ತಿಳಿದುಹೋಗಿದೆ ಅಂತ ಅರ್ಥವಾಗಿ ಮುಖ ಬಿಳಿಚಿತು.

“ಚಿಕ್ಕಬಸಮ್ಮಾ... ಏಳ್ಬ್ಯಾಡಿ ಅಂದಿದ್ನಲ್ಲ...”

“ಇಷ್ಟು ವರ್ಷ ನನ್ನ ಪಾಪಾನೂ ನೀನೇ ಹೊತ್ಕೊಂಡಿದ್ಯಾ?” ರಂಜನಿ ಅವನ ಅಂಗಿ ಹಿಡಿದು ಎಳೆದಳು. “ಯಾರು ಕೊಟ್ರು ನಿನಗೆ ಅಧಿಕಾರ? ಅಜ್ಜಿಗೆ ‘ಮಲ್ಕೊ’ ಅಂದವಳು ನಾನು, ಗೊತ್ತಾ? ನಿನ್ನ ದನಿ ನಿಂತಿದ್ದನ್ನ ಫೋನಲ್ಲಿ ಕೇಳಿ, ಭಯ ಇಲ್ಲ ಮಲ್ಕೊ ಅಂದೆ!”

ಅವನು ಇದನ್ನು ಕೇಳಿದ್ದು ಈಗಲೇ. ಅವಳ ತಲೆಯನ್ನು ಎದೆಗೆ ಒತ್ತಿಕೊಂಡ. ಅಜ್ಜಿಯ ಸಾವಿನ ಭಾರವನ್ನು ಅವಳೂ ಹೀಗೆ ಒಬ್ಬಳೇ ಹೊತ್ತಿದ್ದಳೆಂದು ಗೊತ್ತಿದ್ದರೆ ಎಂದೋ ಬರುತ್ತಿದ್ದ... ಇಬ್ಬರೂ ಎಂಥ ಹುಚ್ಚರು ನೋಡಿ!

“ಬರೀತೀನಿ,” ಎಂದಳು ಬಿಕ್ಕುತ್ತ. “ನರಸೀಪುರದ ಬೀದೀನೂ ಬರೀತೀನಿ, ಈ ಓಣೀನೂ ಬರೀತೀನಿ, ನನಗೋಸ್ಕರ ನೀನಿಟ್ಟ ಆಣೇನೂ ಬರೀತೀನಿ. ನೀರು ಬರುವಾಗ ಯಾವ ಬಾಗಿಲ ಬೆಂಕಿಗೂ ಯಾರೂ ಮೈಕ್ ನಿಲ್ಲಿಸಬಾರದು. ಅದನ್ನ ಓದಲಿ ಜನ. ಆಗ ಮುಖಪುಟಕ್ಕೆ ಬರ್ತೀಯಾ?”

“ಅಜ್ಜಿ ಫೋಟೋನೂ ಹಾಕ್ತೀರಾ?”

“ಹಾಕ್ತೀವಿ.”

ಅವನು ತಲೆಯಾಡಿಸಿದ.

“ಇನ್ನೊಂದು ಬಾಕಿ ಇದೆ ಮಹೇಂದ್ರ.” ಅವಳು ಕಣ್ಣೊರೆಸಿಕೊಂಡಳು. “ಅವತ್ತು ಇಲ್ಲಿ ನಿಲ್ಲಿಸಿದ್ದನ್ನ ಇವತ್ತು ಹೇಳು. ಆ ದನಿ ಇಲ್ಲೇ ನಿಂತಿದೆ... ನನಗೆ ನಿದ್ದೆ ಕೊಡ್ತಿಲ್ಲ.”

ಅವನ ಉತ್ತರಕ್ಕೂ ಕಾಯದೆ ಓಣಿಯೊಳಕ್ಕೆ ನಡೆದಳು. ಕೊನೆಯಲ್ಲಿ ಅಜ್ಜಿಯ ಮನೆಯಿರಲಿಲ್ಲ. ತಳಪಾಯದ ಕಲ್ಲುಗಳು, ಹೊಸಿಲು, ನಡುವೆ ಹುಲ್ಲು. ಅವಳು ಹೊಸಿಲ ಮೇಲೆ ಕೂತು ಕಣ್ಣು ಮುಚ್ಚಿದಳು.

ಮೈಕ್ ಕರಕರ ಅಂದಿತು.

“ಸುಬ್ಬಲಕ್ಷ್ಮವ್ವಾ...” ದನಿ ಒಡೆಯಿತು. ಮತ್ತೆ ಎದ್ದಿತು. “ಕಬಿನಿಯಿಂದ ನೀರು ಬಿಟ್ಟವ್ರೆ... ಒಳೆ ಮೇಲಕ್ಕೆ ಬತ್ತಾ ಅದೆ... ಎದ್ದೇಳವ್ವಾ... ನಾನು ಮಹೇಂದ್ರ... ಕರ್ಕೊಂಡೋಗಕ್ಕೆ ಬಂದಿವ್ನಿ...”

ಓಣಿಯ ಬಾಗಿಲುಗಳು ತೆರೆದವು. ಯಾರೂ ಗಾಬರಿಯಾಗಲಿಲ್ಲ, ಯಾರೂ ಏನೆಂದು ಕೇಳಲಿಲ್ಲ. ಚಿಕ್ಕಬಸಮ್ಮ ಒಂದು ಚೊಂಬು ನೀರು ತಂದು ಕೆಂಡದ ಮೇಲೆ ಸುರಿದಳು.

ಮೈಕ್ ಹಿಡಿದೇ ಅವನು ಓಣಿಯೊಳಕ್ಕೆ ನಡೆದ; ವೈರು ಮುಗಿಯುವವರೆಗೂ ಆ ದನಿ ಆಟೋದ ಸ್ಪೀಕರಿನಲ್ಲಿ ಬಂತು. ಆಮೇಲೆ ಬರಿಯ ಗಂಟಲಲ್ಲಿ ಬಂತು. “ಎದ್ದೇಳವ್ವಾ... ಬಂದೆ ಕಣವ್ವಾ...” ಅದು ಎಲ್ಲಿಯೂ ನಿಲ್ಲಲಿಲ್ಲ. ಹತ್ತಿರ ಬಂತು... ಇನ್ನೂ ಹತ್ತಿರ... ಹೊಸಿಲ ಮುಂದೆ ಬಂದು ಮೊಣಕಾಲೂರಿತು.

ರಂಜನಿ ಕಣ್ಣು ತೆರೆದಳು.

“ಎಷ್ಟು ಹೊತ್ತು ಮಾಡ್ದೆ ಮಹೇಂದ್ರ...”

“ಹೊತ್ತಾಯ್ತು ರಂಜನಿ.” ಅವನು ಬಿಕ್ಕುತ್ತಿದ್ದ. “ತುಂಬಾ ಹೊತ್ತಾಗೋಯ್ತು.”

ಅವಳು ಎರಡೂ ಕೈ ಚಾಚಿದಳು.

“ನನ್ನನ್ನಾದ್ರೂ ಕರ್ಕೊಂಡು ಹೋಗು.”

“ಎಲ್ಲಿಗೆ?”

“ನೀರು ಬರದ ಕಡೆಗೆ.”