ಮೈಲಾರಿ ಮುಚ್ಚಿದ ಕೋರಿಕೆ

“ಇಂಥದ್ದು ಯಾರಿಗೆ ಬೇಕು?”

ಮೈಲಾರಿ ಎಂಬ ಅಪರಿಚಿತ ಬರೆದ ಆ ಒಂದೇ ಸಾಲು ಓದಿ ರಂಜನಿಯ ಕಣ್ಣು ತುಂಬಿತು. ಅವಳ ಕೋರಿಕೆಯನ್ನು ಅವನು ತಿರಸ್ಕರಿಸಿ ಮುಚ್ಚಿಯೇಬಿಟ್ಟಿದ್ದ!

ಕೋರಿಕೆ ಇದ್ದದ್ದು ಕಂಪ್ಯೂಟರಿಗೆ ಟೈಪ್ ಮಾಡಿ ಆಜ್ಞೆ ಕೊಡುವ ಒಂದು ಶೆಲ್ ಬಗ್ಗೆ. ಯಾರು ಬೇಕಾದರೂ ಕೋಡ್ ಬರೆದು ಕೊಡಬಹುದಾದ ಮುಕ್ತ ತಂತ್ರಾಂಶ. ಅದನ್ನು ನೋಡಿಕೊಳ್ಳುತ್ತಿದ್ದವನು ಸಂಭಾಜಿನಗರದ ಮೈಲಾರಿ. ಎರಡು ಕೀ ಒಟ್ಟಿಗೆ ಒತ್ತುವ ಬದಲು ಒಂದಾದ ಮೇಲೊಂದು ಒತ್ತುವಂತಿರಲಿ ಎಂದು ರಂಜನಿ ಕೇಳಿದ್ದಳು. ಚಾಂದವಡ್ ಬಳಿ ಸ್ಕೂಟರ್ ಉರುಳಿದ ಮೇಲೆ ತನ್ನ ಬಲಗೈ ಏಳುತ್ತಿಲ್ಲವೆಂದು ಮಾತ್ರ ಬರೆದಿರಲಿಲ್ಲ.

‘ಕನಿಕರ ಬೇಡ… ಆದರೆ ಇಷ್ಟು ಸೊಕ್ಕೇ?’

ಪಂಚವಟಿಯ ಮನೆಯಲ್ಲಿ ಮೂರು ವಾರ ಕೂತು, ಎಡಗೈಯೊಂದರಿಂದಲೇ ಅದರ ಕೋಡ್ ತಾನೇ ಬರೆದು ಅವನಿಗೆ ಕಳಿಸಿದಳು.

ಹನ್ನೆರಡು ದಿನ… ಉತ್ತರವಿಲ್ಲ. ಊಟದ ನಡುವೆ ಎದ್ದು ಪರದೆ ನೋಡುವಳು. ಮತ್ತೆ ನೋಡುವಳು.

“ತಾಟಿನ ಮುಂದಿಂದ ಏಳಬ್ಯಾಡವಾ!” ಎಂದು ತಾಯಿ ರಾಧಾಬಾಯಿ ಗದರಿದರೂ ಕೇಳಿಸದು.

ಹದಿಮೂರನೆಯ ದಿನ ಬೆಳಿಗ್ಗೆ ಸಂಭಾಜಿನಗರದ ಬಸ್ ಹತ್ತಿದಳು. ಮೈಲಾರಿ ತನ್ನ ವೆಬ್ ಪುಟದಲ್ಲಿ ಬರೆದುಕೊಂಡಿದ್ದ, ಅದೇ ಊರಿನ ಚಿಕಲಠಾಣಾದ ಕಂಪನಿಯ ಗೇಟಿನ ಮುಂದೆ ನಿಂತು, ಕಾವಲುಗಾರನ ಕೈಲಿ ಹೇಳಿಕಳಿಸಿದಳು.

ಊಟದ ಬಿಡುವಿನಲ್ಲಿ ಹೊರಬಂದ ಯುವಕ ಅವಳ ಇಳಿಬಿದ್ದ ಬಲಗೈ ನೋಡಿ ಅಲ್ಲೇ ನಿಂತುಬಿಟ್ಟ.

“ನೀವು… ರಂಜನಿ ಅಲ್ರೀ?”

“ಹೌದು! ನನ್ನ ಕೋಡ್ ಕಸದಬುಟ್ಟಿಗೆ ಹಾಕಿದ್ರೇನು?”

“ಇಲ್ರೀ! ಪರೀಕ್ಷೆ ಮಾಡಾಕ ನೀವು ಬರೆದಿದ್ದೆಲ್ಲ ಎಡಗೈ ಕಡೆ ಕೀನ… ಆಗ ತಿಳೀತು. ಅವತ್ತಿಂದ ಬಲಗೈಗೆ ಟವೆಲ್ ಕಟಗೊಂಡು ದಿನಾ ಎಡಗೈಲೆ ಒತ್ತಿ ನೋಡಾಕತ್ತೀನಿ. ತಪ್ಪಾತು ಅಂತ ಬರದೆ… ಅಳಿಸಿದೆ… ಯಾವ ಮುಖ ಇಟಗೊಂಡು ಕಳಿಸ್ಲಿ?”

“ಕನಿಕರ ಏನು?”

“ಕನಿಕರ ಇದ್ದಿದ್ರ ನಿಮ್ಮ ಕೋಡ್‌ನಾಗ ಹನ್ನೊಂದು ತಪ್ಪು ಹುಡುಕತಿದ್ನೇನ್ರಿ?”

ಜಗಳಕ್ಕೆಂದೇ ಬಂದವಳು ನಕ್ಕುಬಿಟ್ಟಳು!

ಹನ್ನೊಂದನ್ನೂ ತಿದ್ದುವಷ್ಟರಲ್ಲಿ ಎರಡು ತಿಂಗಳು. ದಿನವೂ ಫೋನು, ದಿನವೂ ವಾದ. ಕೊನೆಗೆ ಅವಳ ಕೋಡ್ ಅವಳದೇ ಹೆಸರಿನಲ್ಲಿ ಶೆಲ್‌ಗೆ ಸೇರಿತು. ಆದರೆ ಅವಳಿಗೆ ಚಡಪಡಿಕೆ ಹೆಚ್ಚಾಯಿತು… ‘ನಾಳೆಯಿಂದ ಅವನಿಗೆ ಯಾವ ನೆಪದಲ್ಲಿ ಫೋನು ಮಾಡಲಿ?’

ಆ ಭಾನುವಾರ ಮೈಲಾರಿಯೇ ಪಂಚವಟಿಯ ಗೋದಾವರಿ ದಂಡೆಗೆ ಬಂದು ಅವಳನ್ನು ಕರೆಸಿಕೊಂಡ.

“ಫೋನ್‌ನಾಗ ಹೇಳಾಕ ಆಗ್ಲಿಲ್ರಿ. ನೀವಂದ್ರ ನನಗ ಜೀವ… ಆದ್ರ ನಮ್ಮಪ್ಪ ಇನ್ನೂ ಮನಿ ಕಟ್ಟೋ ಗೌಂಡಿ ಕೆಲಸಕ್ಕ ಹೋಗ್ತಾನ. ನಿಮ್ಮ ತಂದೆ ಬ್ಯಾಂಕಿನ ಸಾಹೇಬ್ರು…”

“ಅವರು ಮನ್ಯಾಗ ಇದ್ದಾರ. ಬರ್ತೀರೇನು?”

“ಈಗನ?!”

“ಯಾಕ, ಹೆದರಿಕೀನ?”

“ಭಾಳ ರೀ…”

ರಂಜನಿ ಎಡಗೈ ಚಾಚಿದಳು.

“ನನಗೂ ಅಷ್ಟ… ಬರ್ರಿ, ಕೂಡೇ ಹೋಗೂಣು.”