ತುಂಬಿಯೇ ಇದ್ದ ಡ್ರಮ್ಮು

ಸೋಮವಾರ ಬೆಳಿಗ್ಗೆ, ಪ್ರಯೋಗಾಲಯದ ಮೀನುತೊಟ್ಟಿಗಳನ್ನು ನೋಡಿಕೊಳ್ಳುವ ತೊಟ್ಟಿಯಮ್ಮ ಗಾಜಿಗಂಟಿದ ಪಾಚಿಯನ್ನು ಅರ್ಧ ಉಜ್ಜಿದ್ದರು. ಆಗ ಕಂಡಿತು—ಹನ್ನೆರಡು ಹೊಳೆಮೀನುಗಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಪಕ್ಕದ ತೊಟ್ಟಿಯ ಕಡಲಮೀನುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಓಡಾಡಿಕೊಂಡಿದ್ದವು.

ಸಂಶೋಧಕಿ ಬಂದವಳೇ ಸತ್ತ ಮೀನುಗಳನ್ನು ಒಂದೊಂದಾಗಿ ಎಣಿಸಿದಳು. ವಿಷವನ್ನು ಮುರಿಯುವ ಕಿಣ್ವದ ಜೀನ್ ಕಡಲಮೀನಿಗೂ ಹೊಳೆಮೀನಿಗೂ ಒಂದೇ ಎಂಬುದು ಅವಳ ವಾದ. ಅದನ್ನು ವಿಜ್ಞಾನ ಪತ್ರಿಕೆಗೆ ಕಳಿಸುವ ಪತ್ರ ಸಹಿಗೆ ಕಾದು ನಾಲ್ಕು ತಿಂಗಳಿಂದ ಮೇಜಿನ ಮೇಲೇ ಕೂತಿತ್ತು. ಕಡಲ ವಿಭಾಗದ ಮುಖ್ಯಸ್ಥರು—ಬೆನ್ನ ಹಿಂದೆ ಎಲ್ಲರಿಗೂ ಉಪ್ಪಣ್ಣ—ಬದುಕಿರುವ ಮೀನಿನಲ್ಲಿ ತೋರಿಸದೆ ಸಹಿ ಹಾಕುವುದಿಲ್ಲವೆಂದು ಪಟ್ಟು ಹಿಡಿದಿದ್ದರು. ಅದಕ್ಕೇ ಐದು ವಾರ ಎರಡೂ ತೊಟ್ಟಿಗೆ ಒಂದೇ ಅಳತೆಯ ಎಣ್ಣೆಕೊಳೆಯ ವಿಷ ಬಿದ್ದಿತ್ತು. ಎರಡೂ ಕಡೆ ಮೀನುಗಳು ಅದನ್ನು ಅರಗಿಸಿಕೊಂಡಿದ್ದವು. ಈ ತಿಂಗಳು ಪತ್ರ ಹೋಗದಿದ್ದರೆ ಅವಳ ನೌಕರಿಯೂ ಇರದು.

ಉಪ್ಪಣ್ಣ ಇಣುಕಿ ನೋಡಿ, ಹೊಳೆಮೀನಿಗೆ ಆ ತಾಕತ್ತಿಲ್ಲವೆಂದು ಮೊದಲೇ ಹೇಳಿದ್ದೆನಲ್ಲ ಎಂದರು.

ತೊಟ್ಟಿಯಮ್ಮ ಕೈ ಒರೆಸಿಕೊಂಡರು. ಭಾನುವಾರ ಯಾರು ಬಂದಿದ್ದರೆಂದು ಕೇಳಿದರು. ಸಂಶೋಧಕಿ ತಂಗಿಯ ಮನೆಗೆ ಹೋಗಿದ್ದಳು.

"ಸಾರ್, ನೀವು?"

"ಬಂದಿದ್ದೆ. ಯಾಕೆ—ನಾನೇ ವಿಷ ಹಾಕ್ದೆ ಅಂತೀರಾ?"

"ವಿಷ ಅಲ್ಲ ಸಾರ್. ನೀರು."

ತೊಟ್ಟಿಯಮ್ಮ ನೀರಿನ ಮಟ್ಟಕ್ಕೆ ಬೆರಳಿಟ್ಟರು.

"ಎರಡು ದಿನಕ್ಕೆ ಈ ತೊಟ್ಟಿ ನೀರು ಆವಿಯಾಗಿ ಎರಡು ಬೆರಳು ಇಳೀಬೇಕು. ಇವತ್ತು ತುಂಬಿದೆ. ನಲ್ಲಿನೀರನ್ನ ಡ್ರಮ್ಮಲ್ಲಿ ಒಂದಿನ ಇಟ್ಟು, ಕ್ಲೋರಿನ್ ಹೋದ ಮೇಲೆ ಇದಕ್ಕೆ ಹಾಕ್ತೀವಿ. ಶನಿವಾರ ನಾನು ತುಂಬಿದ ಡ್ರಮ್ಮು ಹಾಗೇ ತುಂಬಿದೆ. ಹಾಗಾದ್ರೆ ನೀರು ಎಲ್ಲಿಂದ ಬಂತು?"

ಅವರು ತೊಟ್ಟಿಯ ಅಂಚು ತೋರಿಸಿದರು. ಅಲ್ಲೊಂದು ಬಿಳಿ ಗೆರೆ.

"ಸಿಹಿನೀರಿನ ತೊಟ್ಟಿಗೆ ಉಪ್ಪಿನ ಕಲೆ ಎಲ್ಲಿಂದ ಸಾರ್? ಕಡಲತೊಟ್ಟಿಗೆ ನೀರು ಬಿಡೋ ನಿಮ್ಮ ಪೈಪು ಕೂತ ಜಾಗ ಇದು. ಕಡಲನೀರು ಮಾಡೋಕೆ ನೀವು ಬೆರೆಸೋ ಉಪ್ಪಿನ ಪುಡಿಯಲ್ಲೇ ಕ್ಲೋರಿನ್ ಮುರಿಯೋ ಮದ್ದಿದೆ. ಅದಕ್ಕೇ ನೀವು ನಲ್ಲಿಗೇ ಪೈಪು ಹಚ್ಚಿ ನೀರು ಹಿಡಿಯೋದು. ಕೈಗೆ ಅದೇ ರೂಢಿ, ಇಲ್ಲಿಗೂ ನಲ್ಲಿನೀರನ್ನೇ ಬಿಟ್ರಿ. ಎಣ್ಣೆಕೊಳೆಯನ್ನ ಆ ಕಿಣ್ವ ಮುರೀತು, ಕ್ಲೋರಿನ್ನಿಗೆ ಅದೇನು ಮಾಡೀತು?"

ಉಪ್ಪಣ್ಣನ ಮುಖ ಇಳಿದುಹೋಯಿತು.

"ನೀರು ಕಮ್ಮಿ ಕಂಡ್ತು," ಎಂದರು ಮೆಲ್ಲಗೆ. "ಉಪಕಾರ ಆಗ್ಲಿ ಅಂತ ಬಿಟ್ಟೆ."

"ಗೊತ್ತು ಸಾರ್. ಕೆಟ್ಟ ಮನಸ್ಸಿದ್ರೆ ಅಂಚು ಒರೆಸಿರ್ತಿದ್ರಿ."

ಉಪ್ಪಣ್ಣ ಕುರ್ಚಿ ಎಳೆದುಕೊಂಡು ಐದು ವಾರದ ದಾಖಲೆಯನ್ನು ಹಾಳೆ ಹಾಳೆ ತಿರುವಿ ಓದಿದರು. ಮೀನುಗಳು ಸತ್ತದ್ದು ಯಾರ ಕೈಯಿಂದ ಎಂಬುದನ್ನೂ ಪತ್ರದ ಕೊನೆಗೆ ತಾವೇ ಬರೆದು ಸಹಿ ಹಾಕಿದರು. ಮಧ್ಯಾಹ್ನದ ಅಂಚೆಗೆ ಇನ್ನೂ ಅರ್ಧ ಗಂಟೆಯಿತ್ತು. ಸಂಶೋಧಕಿ ಲಕೋಟೆಗೆ ಅಂಟು ಹಚ್ಚಿ, ಓಡುತ್ತಲೇ ಹೋಗಿ ಡಬ್ಬಿಗೆ ಹಾಕಿ ಬಂದಳು.